ಇನ್ನೂ ಹುಟ್ಟದ ಕಾರ್ತಿಕ

ಸುಜಯೀಂದ್ರ ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಬಂದು, ಲೋಟಕ್ಕೆ ಕೈ ಹಾಕುವ ಮೊದಲೇ ಒಲೆಯ ಕಡೆ ಕಣ್ಣು ಹಾಯಿಸಿ, ಗ್ಯಾಸಿನ ತಿರುಪು ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನೀರನ್ನೂ ಕುಡಿಯದೆ ಹೊರಟುಹೋದ. ಜಯಲಕ್ಷ್ಮೀಬಾಯಿ ತಿರುಗಿ ನೋಡಲಿಲ್ಲ. ಕರಿಬೇವು ಬಿಡಿಸುತ್ತ ಕೂತಿದ್ದ ಆಕೆಗೆ ಮಗನ ಹೆಜ್ಜೆ ಒಲೆಯ ಮುಂದೆ ನಿಂತದ್ದು, ಲೋಟ ಅಲುಗದೆ ಉಳಿದದ್ದು, ಎಲ್ಲ ಬೆನ್ನಿನಿಂದಲೇ ಕೇಳಿಸಿತು. ನೋಡುವುದಕ್ಕಿಂತ ಕೇಳುವುದನ್ನು ಹೆಚ್ಚು ಕಲಿತ ಜೀವ ಆಕೆಯದು. ಈ ವಾರದಲ್ಲಿ ಮಗನ ದನಿ ಬದಲಾಗಿದ್ದನ್ನೂ ಹಾಗೇ ಹಿಡಿದಿದ್ದಳು. ಮೊದಲು ಅವನು ರೇಗುತ್ತಿದ್ದ, ನಗುತ್ತಿದ್ದ, ಅರ್ಧ ಮಾತನ್ನು ನುಂಗುತ್ತಿದ್ದ. ಈಗ ಒಂದೊಂದು ಪದವನ್ನೂ ಬಿಡಿಸಿಟ್ಟು ಗಟ್ಟಿಯಾಗಿ ಹೇಳುತ್ತಾನೆ, ಭಾಷೆ ಬಾರದ ಊರಿನಲ್ಲಿ ದಾರಿ ಕೇಳುವವರ ಹಾಗೆ. ಮಾತ್ರೆ, ತಗೊಂಡ್ಯಾ, ಅಮ್ಮಾ. ಚಿಕ್ಕಂದಿನಲ್ಲಿ ಇವನಿಗೆ ಮಾತ್ರೆ ಅರೆದು ಜೇನಿನಲ್ಲಿ ಕಲಸಿ ನೆಕ್ಕಿಸಿದವಳು ಯಾರು ಎಂದು ಕೇಳಬೇಕೆನಿಸಿತು. ಕೇಳಿದರೆ ಅದನ್ನೂ ತನ್ನ ತಲೆಯ ಚಿತ್ರ ತೆಗೆದ ಆ ಫಿಲ್ಮಿನ ಲೆಕ್ಕಕ್ಕೆ ಸೇರಿಸುತ್ತಾನೆ, ಅಮ್ಮನಿಗೆ ಈಗೀಗ ಸಿಟ್ಟು ಹೆಚ್ಚು ಅಂತ. ಸುಮ್ಮನಿದ್ದರೆ ಸುಮ್ಮನಿರುವುದೂ ಮರೆವಿನ ಒಂದು ಗುರುತಾಗುತ್ತದೆ. ಕೆಳಗೆ ವೇಲಚೇರಿಯ ರಸ್ತೆಯಲ್ಲಿ ರಾತ್ರಿಯ ಮಳೆನೀರು ಇನ್ನೂ ಇಳಿದಿರಲಿಲ್ಲ. ಆಟೋ ಒಂದು ನೀರನ್ನು ಸೀಳಿಕೊಂಡು ಹೋದ ಸದ್ದು ಮೇಲಿನವರೆಗೆ ಬಂತು.

ಹೋಗಬಾರದಿತ್ತು. ಹೋದದ್ದು ಮೊಮ್ಮಗಳಿಗಾಗಿ. ವಯಸ್ಸಾಗುತ್ತ ಮಿದುಳು ಹೇಗೆ ಬದಲಾಗುತ್ತದೆಂದು ಚಿತ್ರ ತೆಗೆದು ನೋಡುವ ಜಾಗದಲ್ಲಿ ಸಂಹಿತಾಗೆ ಕೆಲಸ. ರೋಗವಿಲ್ಲದ ಮುದುಕರು ಸಿಗುವುದೇ ಕಷ್ಟ ಅಜ್ಜಿ, ನಿಮ್ಮಂಥವರೇ ಬೇಕು ಎಂದು ತಮಿಳಿನಲ್ಲಿ ಗೋಗರೆದಿದ್ದಳು. ಆ ಹುಡುಗಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದು ತಮಿಳೇ. ರೋಗವಿಲ್ಲದವರು ಅನ್ನುವ ಮಾತಿಗೆ ಜಯಲಕ್ಷ್ಮೀಬಾಯಿ ಸೋತಿದ್ದಳು, ಅದು ನಿಜ. ಅಲ್ಲಿ ಕಿವಿಯ ಓಲೆ ಬಿಚ್ಚಬೇಕೆಂದರು. ಮದುವೆಯ ದಿನ ತಿರುಗಿಸಿದ ತಿರುಪು ಬರಲಿಲ್ಲ. ಯಾರೋ ಗಂಡಸು ಸಾಬೂನಿನ ನೀರು ತಂದ, ಯಾರೋ ಹೆಂಗಸು ಕಿವಿ ಎಳೆದಳು. ಆಮೇಲೆ ಚಿತ್ರ ತೆಗೆಯುವ ಕೊಳವೆಯೊಳಗೆ ಮಲಗಿಸಿ ಅಲುಗಬೇಡಿ ಎಂದರು. ಯಂತ್ರದ ಬಡಿತ ಶುರುವಾಯಿತು. ಮೊದಲು ಹೆದರಿಕೆ, ಆಮೇಲೆ ಕಿವಿ ತನ್ನ ಕೆಲಸ ಹಿಡಿಯಿತು: ಮೂರು ನಾಲ್ಕು, ಮೂರು ನಾಲ್ಕು. ಇದು ಷಟ್ಪದಿಯ ನಡಿಗೆಯಲ್ಲವೆ! ಇದೇ ಊರಿನ ಪುರಸೈವಾಕ್ಕಂನಲ್ಲಿದ್ದ ತವರುಮನೆಯ ನಡುಮನೆಯಲ್ಲಿ ಅಪ್ಪ ವಿಷ್ಣುತೀರ್ಥಾಚಾರ್ಯರು ದೀಪದ ಮುಂದೆ ಕೂತು ಷಟ್ಪದಿಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು, ಎದುರಿಗೆ ಗಂಡಸರು, ಬಾಗಿಲ ಮರೆಯಲ್ಲಿ ಈಕೆ. ಕೂರಿಸಿ ಕಲಿಸಿದವರಿಲ್ಲ, ಕೇಳಿ ಕೇಳಿಯೇ ಪದ್ಯಗಳು ಒಳಗೆ ಇಳಿದವು. ಅಪ್ಪ ಒಮ್ಮೊಮ್ಮೆ ಸಾಲು ಮರೆತು ತಡವರಿಸಿದಾಗ ಮುಂದಿನ ಪದ ಈಕೆಯ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಹೇಳುವ ಹಾಗಿರಲಿಲ್ಲ. ಗಂಡಸರು ಪುಟ ಹುಡುಕುವವರೆಗೂ ಅದನ್ನು ಬಾಯೊಳಗೇ ಇಟ್ಟುಕೊಂಡು ಕಾಯುವುದು. ಕೊಳವೆಯ ಬಡಿತಕ್ಕೆ ಆ ಪದ್ಯಗಳನ್ನೇ ಮನಸ್ಸಿನಲ್ಲಿ ಹೊಂದಿಸಿಕೊಂಡು ಮಲಗಿದ್ದಳು. ಒಂದು ಅಕ್ಷರವೂ ಕಳಚಲಿಲ್ಲ. ಅದು ಅವರ ಫಿಲ್ಮಿನಲ್ಲಿ ಬಿದ್ದಿರಲಾರದು.

ಆಮೇಲೆ ಪ್ರಶ್ನೆಗಳು. ಸ್ವಂತದವರನ್ನು ತಾನು ಕೇಳಬಾರದೆಂದು ಸಂಹಿತಾ ಹೊರಗೆ ಹೋದಳು. ಸುಮತಿ ಎಂಬ ಹುಡುಗಿ ಎದುರು ಕೂತಳು. ತಲೆತುಂಬ ಮಲ್ಲಿಗೆ, ಒಳ್ಳೆಯ ಹುಡುಗಿ. ಪಾಟ್ಟಿ ಎಂದರೆ ಅಜ್ಜಿ. ಪಾಟ್ಟಿ, ಇದು ಯಾವ ಊರು, ಇದು ಎಷ್ಟನೇ ಮಹಡಿ ಎಂದು ತಮಿಳಿನಲ್ಲಿ ಕೇಳುತ್ತ ಬಂದು, "ಇದು ಎನ್ನ ಮಾಸಂ?" ಎಂದಳು. ಯಾವ ಮಾಸ. ಜಯಲಕ್ಷ್ಮೀಬಾಯಿ ತಡೆಯಿಲ್ಲದೆ ಕಾರ್ತಿಕ ಎಂದಳು. ದೀಪಾವಳಿಯ ಅಮಾವಾಸ್ಯೆ ಕಳೆದರೆ ಕಾರ್ತಿಕವಲ್ಲದೆ ಮತ್ತೇನು? ಸುಮತಿ ಪೆನ್ನು ತಡೆದು, ಚೆನ್ನಾಗಿ ಯೋಚಿಸಿ ಪಾಟ್ಟಿ ಎಂದಳು. ಯೋಚಿಸುವುದಕ್ಕೇನಿದೆ, ಕಾರ್ತಿಕ ಶುದ್ಧ ನವಮಿ ಎಂದು ತಿಥಿಯನ್ನೂ ಸೇರಿಸಿ ಹೇಳಿದಳು, ಉದಾರವಾಗಿ. ಹುಡುಗಿ ಈಕೆಯ ಕೈಯನ್ನು ಮೆಲ್ಲಗೆ ತಟ್ಟಿ ಏನೋ ಬರೆದುಕೊಂಡಳು. ಆ ತಟ್ಟುವಿಕೆ ಏಕೆಂದು ಆಗ ತಿಳಿಯಲಿಲ್ಲ. ತಮಿಳರ ತಿಂಗಳು ಸೂರ್ಯನದು, ನಮ್ಮದು ಚಂದ್ರನದು. ಅವರ ಕಾರ್ತಿಗೈ ಬರುವುದು ನಮ್ಮದು ಅರ್ಧ ಮುಗಿದ ಮೇಲೆ. ಸುಮತಿಗೆ ಅದು ಇನ್ನೂ ಅದರ ಹಿಂದಿನ ತಿಂಗಳು, ಐಪ್ಪಸಿ. ಅಕ್ಟೋಬರ್ ಎಂದಿದ್ದರೂ ಸರಿಹೋಗುತ್ತಿತ್ತಂತೆ. ಅಕ್ಟೋಬರ್ ಗೊತ್ತಿಲ್ಲದ್ದೇನಲ್ಲ, ಅದು ಗ್ಯಾಸು ತರಿಸುವುದಕ್ಕೆ, ಕರೆಂಟಿನ ಬಿಲ್ಲಿಗೆ. ಮಾಸ ಎಂದು ಕೇಳಿದರೆ ಮಾಸವನ್ನೇ ಹೇಳಬೇಕಲ್ಲ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದು, ಮೀನಿನ ಬುಟ್ಟಿಯವಳ ಹತ್ತಿರವೂ ತಮಿಳಲ್ಲಿ ಜಗಳ ಕಾಯಬಲ್ಲವಳು, ಆ ಒಂದು ಪದದ ಹತ್ತಿರ ಮಾತ್ರ ಅಪ್ಪನ ಮನೆಯ ಬಾಗಿಲ ಮರೆಗೆ ಹೋಗಿ ನಿಂತಿದ್ದಳು. ಹೋದದ್ದೂ ಗೊತ್ತಾಗಿರಲಿಲ್ಲ.

ಮನೆಯವರೆಂದು ಸಲಿಗೆಯಿಂದ ಸಂಹಿತಾ ಫಿಲ್ಮು ತಂದಳು. ಊಟದ ಮೇಜಿನ ದೀಪಕ್ಕೆ ಹಿಡಿದು ಎಲ್ಲರಿಗೂ ತೋರಿಸಿದಳು. ತನ್ನ ತಲೆಯ ಒಳಭಾಗವನ್ನು ಮಗ, ಸೊಸೆ ಶ್ರೀವಿದ್ಯಾ, ಮೊಮ್ಮಗಳು ಉಪ್ಪಿನಕಾಯಿ ಜಾಡಿಯ ಪಕ್ಕ ಬಗ್ಗಿ ನೋಡುತ್ತಿರುವಾಗ ಜಯಲಕ್ಷ್ಮೀಬಾಯಿ ಸೆರಗನ್ನು ಎಳೆದು ಹೊದ್ದುಕೊಂಡಳು. ಹೊರಗಿನ ಸಿಪ್ಪೆಯಂಥ ಭಾಗ ವಯಸ್ಸಿನ ಜೊತೆ ತೆಳ್ಳಗಾಗುತ್ತ ಹೋಗುತ್ತದೆ, ಒಳಗಿನ ಬಿಳಿಯದು ತಂತಿಗಳ ಕಟ್ಟು, ಅದಕ್ಕೆ ಕೊಬ್ಬಿನ ಹೊದಿಕೆ, ಅದು ನಡುವಯಸ್ಸಿನವರೆಗೂ ಬೆಳೆದು ಆಮೇಲೆ ಸವೆಯುತ್ತದೆ, ಅದರಲ್ಲೂ ಹಣೆಯ ಹಿಂದಿನದು ಎಲ್ಲಕ್ಕಿಂತ ಕಡೆಗೆ ಬಲಿಯುವುದು, ಮೊದಲು ಸವೆಯುವುದೂ ಅದೇ, ಇಲ್ಲಿ ಬಿಳಿ ಚುಕ್ಕೆ ಕಾಣುತ್ತಲ್ಲ ಅದು ಈ ವಯಸ್ಸಿನಲ್ಲಿ ತುಂಬ ಜನಕ್ಕೆ ಇರುತ್ತದೆ, ಎಂದು ಹುಡುಗಿ ಬೆರಳಿಟ್ಟು ವಿವರಿಸಿದಳು. ವಯಸ್ಸಿಗೆ ತಕ್ಕಂತಿದೆ ಎಂದೇ ಡಾಕ್ಟರು ಬರೆದಿದ್ದರು. ಸುಜಯೀಂದ್ರ ಅದನ್ನು ಓದಿ ದಾಟಿ, ಕೆಳಗಿನ ಸಾಲಿಗೆ ಬಂದು ನಿಂತ: ತಿಂಗಳು ಹೇಳಲಾರರು. ಒಮ್ಮೆ ತಾಯಿಯ ಮುಖ ನೋಡಿದ. ಆ ನೋಟ ಅವನಿಗೆ ಹೊಸದು, ಅಂದಿನಿಂದ ಹೋಗಿಲ್ಲ.

"ನಿನ್ನದು ಹೇಗಿದೆಯೇ?" ಎಂದು ಜಯಲಕ್ಷ್ಮೀಬಾಯಿ ಮೊಮ್ಮಗಳನ್ನು ಕೇಳಿದಳು.

ಸಂಹಿತಾ ನಕ್ಕಳು. ತನ್ನದನ್ನೂ ತೆಗೆದು ನೋಡಿದ್ದಾರಂತೆ. ಅದೂ ತೆಳ್ಳಗಾಗುತ್ತಿದೆಯಂತೆ, ಚಿಕ್ಕಂದಿನಿಂದಲೇ ಎಲ್ಲರದೂ ಆಗುತ್ತ ಬರುತ್ತದಂತೆ.

"ನಮ್ಮ ವಯಸ್ಸಲ್ಲಿ ಅದಕ್ಕೆ ಮೆಚೂರಿಟಿ ಅಂತಾರೆ ಅಜ್ಜಿ. ಅವ್ವಳವುದಾನ್."

"ಅಷ್ಟೇ ಏನು. ನಿನ್ನದು ತೆಳ್ಳಗಾದರೆ ಬುದ್ಧಿ ಬಂತು ಅಂತ, ನನ್ನದಾದರೆ ಹೋಯಿತು ಅಂತ."

ಶ್ರೀವಿದ್ಯಾ ಜೋರಾಗಿ ನಕ್ಕುಬಿಟ್ಟಳು, ಅತ್ತೆಯ ನಾಲಿಗೆ ಮಾತ್ರ ಸವೆದಿಲ್ಲ ಎಂದು ಹಗುರ ಮಾಡಲು ನೋಡಿದಳು. ಸುಜಯೀಂದ್ರ ನಗಲಿಲ್ಲ. ಫಿಲ್ಮನ್ನು ಕವರಿಗೆ ಹಾಕಿ ತನ್ನ ಕೋಣೆಗೆ ತೆಗೆದುಕೊಂಡು ಹೋದ, ಅದು ತಾಯಿಯದಲ್ಲ, ಇನ್ನು ಮೇಲೆ ತನ್ನದು ಎಂಬಂತೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳು. ಮಾರನೆಯ ದಿನ ಮಗನಿಗೆ, ಎಂದಿನಂತೆ, ಶುಕ್ರವಾರ ನಿಮ್ಮಪ್ಪನ ಶ್ರಾದ್ಧ, ಮಠಕ್ಕೆ ಹೇಳಿಬಿಡು ಎಂದಳು. ಗಂಡ ವಿಷ್ಣುಮೂರ್ತಿ ಹೋದದ್ದು ಕಾರ್ತಿಕ ಬಹುಳ ಷಷ್ಠಿ. ಪ್ರತಿ ವರ್ಷವೂ ಈಕೆ ದಿನ ಹೇಳುವುದು, ಮಗ ರಜೆ ಹಾಕುವುದು. ಅವನು ಎಂದೂ ಪಂಚಾಂಗ ಮುಟ್ಟಿದವನಲ್ಲ. ಈ ಸಲ ಮಾತ್ರ ಗೋಡೆಯ ಹತ್ತಿರ ಹೋಗಿ, ಜವಳಿ ಅಂಗಡಿಯವರು ಕೊಟ್ಟ ತಮಿಳು ಕ್ಯಾಲೆಂಡರಿನ ಹಾಳೆಗಳನ್ನು ಎತ್ತೆತ್ತಿ ನೋಡಿದ. ಅವನ ಬೆನ್ನು ನೋಡುತ್ತಲೇ ಆಕೆಗೆ ಏನಾಗಲಿದೆಯೆಂದು ತಿಳಿಯಿತು.

"ಅಮ್ಮಾ, ಕಾರ್ತಿಗೈ ಇನ್ನೂ ಹುಟ್ಟೇ ಇಲ್ಲಮ್ಮ. ಇದು ಐಪ್ಪಸಿ. ನಿನಗೆ ತಿಂಗಳು ಕಲಸಿಹೋಗ್ತಿದೆ. ಷಷ್ಠಿ ಬರೋದು ಮುಂದಿನ ತಿಂಗಳು, ಭಾನುವಾರ. ನಾನು ಆಚಾರ್ರಿಗೆ ಹೇಳ್ತೀನಿ, ನೀನು ತಲೆ ಕೆಡಿಸಿಕೋಬೇಡ."

ತಲೆ ಕೆಡಿಸಿಕೋಬೇಡ ಎಂದವನು ಆ ಮಾತು ಬಾಯಿಂದ ಬಿದ್ದ ಮೇಲೆ ತಾನೇ ನಾಚಿ, ತಾಯಿಯ ಭುಜ ಮುಟ್ಟಿದ. ಅವನ ಸಂಕಲ್ಪದಲ್ಲಿ ವರ್ಷವರ್ಷವೂ ಬರುವ ಕಾರ್ತಿಕ ಮಾಸ ಈ ಕಾರ್ತಿಗೈ ಅಲ್ಲವೆಂದು ಹೇಳಲು ಬಾಯಿ ತೆರೆದಳು. ಆದರೆ ಅವನು ಆಗಲೇ ಫೋನು ಎತ್ತಿ ಮಠದ ಸುಘೋಷಾಚಾರ್ಯರಿಗೆ ಮುಂದಿನ ತಿಂಗಳ ಭಾನುವಾರವನ್ನು ಹೇಳುತ್ತಿದ್ದ. ಅವನು ಕೆಲಸ ಮಾಡುವ ಬ್ಯಾಂಕಿನಲ್ಲಿ ಆಡುವ ದನಿ, ಯಾರೂ ಎದುರು ಕೇಳದ ದನಿ. ಆ ಕಡೆಯವರು ಆಗಲಿ ಎಂದಿರಬೇಕು.

ಮಠದ ಪಂಚಾಂಗ ದೇವರ ಮಂಟಪದ ಮೇಲೆ, ಕೈಗೆಟಕುವಷ್ಟು ಹತ್ತಿರ ಇತ್ತು. ತೆಗೆದು ಆ ಪುಟ ಬಿಡಿಸಿ ಅವನ ಮುಂದಿಟ್ಟರೆ ಮುಗಿಯುತ್ತಿತ್ತು. ಬುಧವಾರ ಕೂತು, ಗುರುವಾರ ಎದ್ದು, ಆಕೆ ಅದರತ್ತ ನೋಡಿದ್ದೇ ನೋಡಿದ್ದು. ಕೈ ಏಳಲಿಲ್ಲ. ಏಕೆ ತೆಗೆಯಬೇಕು? ನನ್ನ ಮಾತಿಗೆ ಅಚ್ಚಾದ ಸಾಕ್ಷಿ ಬೇಕಾದದ್ದು ಯಾವಾಗಿನಿಂದ? ಈ ಮನೆಯಲ್ಲಿ ನಾಳೆ ಏಕಾದಶಿ ಎಂದರೆ ಅಕ್ಕಿ ಡಬ್ಬದ ಮುಚ್ಚಳ ತೆರೆಯುತ್ತಿರಲಿಲ್ಲ; ಇಂದು ಪಾರಣೆ ಬೇಗ ಎಂದರೆ ಆರು ಗಂಟೆಗೆ ಎಲೆ ಬೀಳುತ್ತಿತ್ತು. ಗಂಡನಂತೂ ಬಂದವರ ಮುಂದೆ ಆಕೆಯನ್ನು ಅಡುಗೆಮನೆಯಿಂದ ಕರೆದು, ಇವರ ಮಗಳು ಹುಟ್ಟಿದ ತಾರೀಖಿಗೆ ತಿಥಿ ಯಾವುದು ಹೇಳು ಎಂದು ಆಟವಾಡಿಸುತ್ತಿದ್ದ, ಈಕೆ ಹೇಳಿದರೆ ಮೀಸೆಯಡಿ ನಗುತ್ತಿದ್ದ. ಆಗಲೂ ಮೈ ಉರಿಯುತ್ತಿತ್ತು, ಕೋತಿ ಕುಣಿಸಿದ ಹಾಗೆ ಅಂತ; ಕೈಯ ಹಿಟ್ಟು ಒರೆಸಿಕೊಂಡು ಉತ್ತರ ಮಾತ್ರ ಹೇಳಿಬಿಡುತ್ತಿದ್ದಳು, ಒಳಗೊಳಗೇ ಹಿಗ್ಗುತ್ತ. ಆ ಹಿಗ್ಗೇ ಈಗ ಕೈಯನ್ನು ಹಿಡಿದು ಕೂರಿಸಿರಬೇಕು. ನನಗೆ ಬೇಕಾದದ್ದು ಅವರ ಪಿಂಡವೋ, ನನ್ನ ಮಾತು ನಿಲ್ಲುವುದೋ? ವರ್ಷಕ್ಕೊಮ್ಮೆ ಬರುವ ಆತ ಶುಕ್ರವಾರ ಮಧ್ಯಾಹ್ನ ಬಂದು ನಿಂತರೆ, ಎಲೆಯಿಲ್ಲ ನೀರಿಲ್ಲ, ಮಗ ಬ್ಯಾಂಕಿನಲ್ಲಿ, ಹೆಂಡತಿ ಹಠ ಹಿಡಿದು ಕರಿಬೇವು ಬಿಡಿಸುತ್ತಿದ್ದಾಳೆ. ಹಸಿವು ತಡೆಯದ ಮನುಷ್ಯ. ಅನ್ನ ತಡವಾದರೆ ತಟ್ಟೆಯನ್ನು ಬೆರಳಿನಿಂದ ಬಡಿಯುತ್ತಿದ್ದ. ಗುರುವಾರವೆಲ್ಲ ಆ ಬಡಿತ ಕೇಳುತ್ತಿದ್ದ ಹಾಗಾಯಿತು. ಸಂಜೆ ಮಗ ಹೋಟೆಲಿನಿಂದ ಈರುಳ್ಳಿ ದೋಸೆ ಕಟ್ಟಿಸಿಕೊಂಡು ಬಂದ. ಶ್ರಾದ್ಧದ ಹಿಂದಿನ ದಿನ, ಅದನ್ನು ಮಾಡಬೇಕಾದ ಕರ್ತೃ ಅನ್ನಿಸಿಕೊಂಡವನು, ಈರುಳ್ಳಿ! ನೀನೂ ತಗೋ ಅಮ್ಮ ಎಂದು ಪೊಟ್ಟಣ ಮುಂದಿಟ್ಟ. ಆಕೆ ಎದ್ದುಹೋದಳು.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಹೊರಟುಹೋದ ಮೇಲೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಮಠಕ್ಕೆ ಫೋನು ಮಾಡಿದಳು. ಸುಘೋಷಾಚಾರ್ಯರಿಗೆ ಸಂಹಿತಾಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಹೆಸರು ಕೇಳಿದೊಡನೆಯೇ, "ಅಮ್ಮಾ, ನಾನೂ ಅಂದುಕೊಂಡೆ. ನಿಮ್ಮ ಮಗ ಮಾರ್ಗಶಿರದ ಷಷ್ಠಿ ಹೇಳ್ತಾ ಇದ್ದಾರಲ್ಲ ಅಂತ. ದೊಡ್ಡವರು, ಏನೋ ಅಡಚಣೆ ಇರಬೇಕು ಅಂತ ಸುಮ್ಮನಾದೆ," ಎಂದರು. ಇಂದು ಮಠದಲ್ಲಿ ಬೇರೆಯವರದೂ ಇದೆ, ಅಡುಗೆ ನಡೆದಿದೆ, ಇನ್ನೊಂದು ಎಲೆ ಹೆಚ್ಚಲ್ಲ, ಮಗ ಮಧ್ಯಾಹ್ನದೊಳಗೆ ಬಂದು ಸ್ನಾನ ಮಾಡಿದರೆ ಸಾಕು ಎಂದೂ ಹೇಳಿದರು. ಈರುಳ್ಳಿಯ ಸಂಗತಿಯನ್ನು ಆಕೆ ಹೇಳಿದಳು. ಅವರು ಸ್ವಲ್ಪ ತಡೆದು, ಶುದ್ಧಿಗೆ ಪಂಚಗವ್ಯ ಕೊಡೋಣ, ದಿನ ತಪ್ಪಿಸುವುದಕ್ಕಿಂತ ವಾಸಿ ಎಂದರು.

"ಹಾಗಾದರೆ ಮಗನಿಗೆ ನೀವು ಹೇಳಿಬಿಡಿ, ಅಮ್ಮ."

ಜಯಲಕ್ಷ್ಮೀಬಾಯಿ ಫೋನಿನ ವಯರನ್ನು ಬೆರಳಿಗೆ ಸುತ್ತಿಕೊಂಡಳು. ಕೊನೆಗೆ ಅಂದಳು:

"ನಾನು ಹೇಳಿದರೆ ಅವನು ಬರೋದಿಲ್ಲ ಆಚಾರ್ರೆ. ನೀವೇ ಕಂಡುಹಿಡಿದ ಹಾಗೆ ಹೇಳಿ. ನಾನು ಫೋನು ಮಾಡಿದ್ದು ಬೇಡ."

ಆ ಕಡೆಯಿಂದ ಆಗಲಿ ಎಂಬ ಒಂದು ಮೆಲ್ಲನೆಯ ಮಾತು, ಅದರಲ್ಲಿ ಕನಿಕರ. ಕನಿಕರವನ್ನು ಕೇಳಿ ತೆಗೆದುಕೊಂಡ ಹಾಗಾಯಿತಲ್ಲ ಎಂದು ಫೋನನ್ನು ಕುಕ್ಕಿ ಇಟ್ಟಳು. ನಿಮ್ಮ ಪಿಂಡಕ್ಕಾಗಿ ಮಾಡಿದೆ, ನೋಡಿಕೊಳ್ಳಿ ಎಂದು ಗೋಡೆಯ ಮೇಲೆ ಫೋಟೋದಲ್ಲಿದ್ದ ಗಂಡನಿಗೆ ಸಿಟ್ಟಿನಲ್ಲಿ ಹೇಳಿದಳು.

ಆಚಾರ್ಯರ ಒಂದು ಫೋನಿಗೆ ಸುಜಯೀಂದ್ರ ಬ್ಯಾಂಕು ಬಿಟ್ಟು ಓಡಿಬಂದ. ಆಕೆಯ ಆಟೋ ನೀರಿನಲ್ಲಿ ನಿಂತು ನಿಂತು ಮಠ ಸೇರುವ ಹೊತ್ತಿಗೆ ಅವನು ಒದ್ದೆ ಪಂಚೆಯಲ್ಲಿ ಕೂತಿದ್ದ, ಹೊಟ್ಟೆ ಮಡಿಕೆಯಾಗಿ, ಮುಖ ಗಾಬರಿಯಾಗಿ. ಅವನನ್ನು ನೋಡಿ ಒಂದು ಕ್ಷಣ ಪಾಪ ಅನ್ನಿಸಿತು. ಹೆಂಗಸರು ಕೂರುವ ಕಡೆ ಕಂಬಕ್ಕೆ ಒರಗಿ ಕಿವಿಗೊಟ್ಟಳು. ಆಚಾರ್ಯರು ತುಂಡು ತುಂಡಾಗಿ ಹೇಳಿಕೊಡುತ್ತಿದ್ದರು, ಅವನು ಹಿಂದೆಯೇ ಹೇಳುತ್ತಿದ್ದ. ದಕ್ಷಿಣಾಯನೇ. ಶರದೃತೌ. ಕಾರ್ತಿಕಮಾಸೇ. ಕೃಷ್ಣಪಕ್ಷೇ. ಷಷ್ಠ್ಯಾಂ ತಿಥೌ. ಕಾರ್ತಿಕಮಾಸೇ ಎಂದಾಗ ಆಕೆ ಮಗನ ದನಿಯಲ್ಲಿ ಏನಾದರೂ ಎಡವುತ್ತದೆಯೇ ಎಂದು ಉಸಿರು ಹಿಡಿದು ಕೇಳಿದಳು. ಎಡವಲಿಲ್ಲ. ನಲ್ಲಿಯಿಂದ ನೀರು ಸುರಿದ ಹಾಗೆ ಪದ ಬಂದು ಹೋಯಿತು. ಹದಿಮೂರೋ ಹದಿನಾಲ್ಕೋ ವರ್ಷ ಇದೇ ದಿನ ಇದೇ ಮಾತನ್ನು ಆಡಿದವನು. ಒಂದು ಸಲವೂ ತಾನು ಏನು ಅನ್ನುತ್ತಿದ್ದೇನೆಂದು ಕೇಳಿಸಿಕೊಂಡಿಲ್ಲ. ಅವನ ತಲೆಯ ಚಿತ್ರವನ್ನು ತೆಗೆದವರಿಲ್ಲ. ಅವನಿಗೆ ಯಾರೂ ಎದುರು ಕೂತು ಇದು ಯಾವ ಮಾಸ ಎಂದು ಕೇಳುವುದಿಲ್ಲ, ಕೈ ತಟ್ಟುವುದಿಲ್ಲ. ಐವತ್ತು ತುಂಬದ ಗಂಡಸು ಮರೆತರೆ ಅದು ಕೆಲಸದ ಒತ್ತಡ.

ಬ್ರಾಹ್ಮಣರ ಊಟವಾಗಿ, ಮನೆಯವರಿಗೆ ಎಲೆ ಹಾಕಿದಾಗ, ಅರ್ಧ ದಿನ ರಜೆ ಹಾಕಿ ಬಂದಿದ್ದ ಶ್ರೀವಿದ್ಯಾ ಮೆಲ್ಲನೆ, ಅತ್ತೆ ಶುಕ್ರವಾರ ಅಂತಲೇ ಹೇಳಿದ್ದರಲ್ಲವೆ ಎಂದಳು. ಜಯಲಕ್ಷ್ಮೀಬಾಯಿ ಅನ್ನದ ಮೇಲಿನ ಕೈಯನ್ನು ಅಲ್ಲೇ ನಿಲ್ಲಿಸಿದಳು. ಈಗ ಹೇಳುತ್ತಾನೆ. ಹೇಳದಿದ್ದರೂ ಒಮ್ಮೆ ಇತ್ತ ನೋಡುತ್ತಾನೆ. ನೋಡಿದರೆ ಸಾಕು, ಈ ವಾರವನ್ನೆಲ್ಲ ಬಿಟ್ಟುಬಿಡಬಹುದು ಅಂದುಕೊಂಡಳು.

"ಹೂಂ, ಅಮ್ಮನದು ಈ ಸಲ ಹೇಗೋ ಸರಿಹೋಯ್ತು," ಎಂದ ಸುಜಯೀಂದ್ರ, ವಡೆ ಮುರಿಯುತ್ತ. "ಆಚಾರ್ರು ಗಮನಿಸಿದ್ದಕ್ಕೆ ಉಳಿಯಿತು. ಇನ್ನು ಮೇಲೆ ಅವರನ್ನೇ ಕೇಳಿಬಿಡೋಣ, ಅಮ್ಮನಿಗೆ ಈ ತೊಂದರೆ ಬೇಡ."

ಆಚಾರ್ಯರು ಅತ್ತ ತಿರುಗಿ ಏನೋ ಹೇಳಹೋದವರು ಈಕೆಯ ಮುಖ ನೋಡಿ ಪಾಯಸದ ಪಾತ್ರೆಯ ಕಡೆ ನಡೆದರು. ಹೇಗೋ. ಮನೆಗೆ ಬರುವಾಗ ಕಾರಿನ ಕಿಟಕಿಯಲ್ಲಿ, ರಾತ್ರಿ ಹಾಸಿಗೆಯಲ್ಲಿ, ಮುಂದಿನ ದಿನಗಳಲ್ಲಿ ಹೂ ಕಟ್ಟುವಾಗ, ಆ ಪದ ಹಲ್ಲಿನ ಸಂದಿಯ ನಾರಿನ ಹಾಗೆ ಕೂತಿತು. ತಪ್ಪಿದರೆ ಫಿಲ್ಮಿನ ಬಿಳಿ ಚುಕ್ಕೆ, ಸರಿಹೋದರೆ ಹೇಗೋ. ಇನ್ನು ಈ ಬಾಯಿಂದ ಏನು ಬಂದರೂ ಎರಡರಲ್ಲೊಂದು. ಸರಿ. ಹಾಗಾದರೆ ಬರುವುದೇ ಬೇಡ.

ಮುಂದಿನ ಬುಧವಾರ ರಾತ್ರಿ ಪಾತ್ರೆ ಒರೆಸಿಡುವ ಹೊತ್ತು, ಪ್ರತಿ ಹದಿನೈದು ದಿನಕ್ಕೊಮ್ಮೆ ಯಾರೂ ಕೇಳದೆಯೇ ಆಕೆ ಹೇಳುತ್ತಿದ್ದ ಮಾತು, ನಾಳೆ ಏಕಾದಶಿ, ಬಂದು ನಾಲಿಗೆಯ ಮೇಲೆ ಕೂತಿತು. ಶ್ರೀವಿದ್ಯಾ ಎದುರಿಗೇ ಇದ್ದಳು. ಹೇಳಲಿಲ್ಲ. ಆಚಾರ್ಯರನ್ನು ಕೇಳಿಕೊಳ್ಳಲಿ. ಬೆಳಿಗ್ಗೆ ಕುಕ್ಕರು ಕೂಗಿತು, ಒಂದು, ಎರಡು. ಅನ್ನದ ಬಿಸಿ ವಾಸನೆ ನಡುಮನೆಗೆ ಬಂತು. ಅಪ್ಪನ ಮನೆಯಲ್ಲಿ ಈ ದಿನ ಹಸುಗೂಸಿಗೂ ಗಂಜಿ ಕೊಡುತ್ತಿರಲಿಲ್ಲ. ತನ್ನ ಮಗ, ತನ್ನ ಮೊಮ್ಮಗಳು, ಹುಳಿ ಕಲಸಿಕೊಂಡು ಉಣ್ಣುತ್ತಿರುವ ಸದ್ದನ್ನು ಜಯಲಕ್ಷ್ಮೀಬಾಯಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ನೀರೂ ಮುಟ್ಟದೆ, ಕೂತು ಕೇಳಿದಳು. ಒಂದೊಂದು ತುತ್ತೂ ತನ್ನ ಪಾಪದ ಲೆಕ್ಕಕ್ಕೆ ಬೀಳುತ್ತಿದೆ. ಈಗಲೂ ಹೇಳಬಹುದು, ಇನ್ನೂ ಅರ್ಧ ತಟ್ಟೆ ಉಳಿದಿದೆ. ದೇವರೆ, ಇದೇನು ಮಾಡುತ್ತಿದ್ದೇನೆ, ಯಾರ ಮೇಲಿನ ಸಿಟ್ಟನ್ನು ಯಾರಿಗೆ ಉಣ್ಣಿಸುತ್ತಿದ್ದೇನೆ. ಏಳಲು ಹೊರಟಳು. ಅಷ್ಟರಲ್ಲಿ ಊಟದ ಮೇಜಿನಿಂದ ಮಗನ ದನಿ ಬಂತು, ತಗ್ಗಿಸಿದ್ದು, ಆಕೆಗೆ ಕೇಳಿಸದೆಂದು ನಂಬಿದ್ದು. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ನೋಡು. ಊಟ ಮಾಡೋದೂ ಮರೀತಿದ್ದಾಳೆ. ಸಂಹಿತಾ, ಇದನ್ನೂ ನಿಮ್ಮ ಡಾಕ್ಟರಿಗೆ ಹೇಳು.

ಅವನು ತಟ್ಟೆ ಹಿಡಿದುಕೊಂಡು ಬಂದ. ಕುರ್ಚಿಯ ಮುಂದೆ ಮಂಡಿಯೂರಿ ಕೂತ. ಕಣ್ಣಲ್ಲಿ ನಿಜವಾಗಿ ನೀರಿತ್ತು.

"ಅಮ್ಮಾ. ಎರಡು ತುತ್ತು. ತಿನ್ನು. ಆ ಅನ್ನು."

ಬಿಡಿಬಿಡಿಯಾಗಿ, ಗಟ್ಟಿಯಾಗಿ. ಹುಳಿಯನ್ನ ಮಿದ್ದು ಉಂಡೆ ಮಾಡಿದ್ದ ಬೆರಳುಗಳು ಆಕೆಯ ತುಟಿಯ ಹತ್ತಿರ, ಮೂಗಿಗೆ ಇಂಗಿನ ವಾಸನೆ ಬಡಿಯುವಷ್ಟು ಹತ್ತಿರ ಬಂದು ನಿಂತವು. ಇವತ್ತು ಏಕಾದಶಿ ಕಣೋ. ಅಷ್ಟೇ ಮಾತು. ಆದರೆ ಹೇಳಲು ಬಾಯಿ ತೆರೆಯಬೇಕು, ತೆರೆದರೆ ಅವನು ಅನ್ನವನ್ನು ಒಳಗಿಟ್ಟುಬಿಡುತ್ತಾನೆ. ಜಯಲಕ್ಷ್ಮೀಬಾಯಿ ಹಲ್ಲು ಕಚ್ಚಿ, ತುಟಿ ಬಿಗಿದು, ಮಗನ ಕಣ್ಣನ್ನೇ ನೋಡುತ್ತ ಕೂತಳು. ಅವನ ಮೊಳಕೈಯಿಂದ ಹುಳಿ ಒಂದೊಂದೇ ಹನಿ ಆಕೆಯ ಸೀರೆಯ ಮೇಲೆ ಬೀಳುತ್ತಿತ್ತು.